ನೀರಿನ ಹಾದಿಯಲ್ಲಿ ಇಪ್ಪತ್ತೆರಡು ದಿನ

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ನಮ್ಮ ಹಿನಕಲ್ ಈಗ ಒಂದು ಊರಾಗಿ ಕಾಣುವುದಿಲ್ಲ. ಮೇಲ್ಸೇತುವೆ, ವಾಹನಗಳ ಗದ್ದಲ, ಇಕ್ಕೆಲದ ಅಂಗಡಿಮುಂಗಟ್ಟುಗಳು, ಇಷ್ಟೇ ಕಣ್ಣಿಗೆ ಬೀಳುತ್ತವೆ. ಒಳಬೀದಿಗಳನ್ನು ಹೊಕ್ಕವರಿಗೆ ಮಾತ್ರ ನನ್ನೇಶ್ವರನ ಪುರಾತನ ಗುಡಿಯೂ ಅಲ್ಲೊಂದು ಇಲ್ಲೊಂದು ಉಳಿದಿರುವ ಹೆಂಚಿನ ಮನೆಗಳೂ ಕಂಡಾವು. ಇವೆರಡಕ್ಕೂ ಹೊರತಾಗಿ ನಮ್ಮ ಸೀಮೆಯಲ್ಲಿ ಮತ್ತೊಂದು ಹಳೆಯ ವಸ್ತುವುಂಟು. ಅದನ್ನು ನೋಡಲು ಯಾರೂ ಬರುವುದಿಲ್ಲ. ಅದೇ ಪೂರ್ಣಯ್ಯನವರ ನಾಲೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ಹರಿಸಬೇಕೆಂದು ಈ ನಾಲೆಯನ್ನು ತೋಡಿಸಿದರು. ಆ ಉದ್ದೇಶ ಕೈಗೂಡಲಿಲ್ಲ. ಕಾವೇರಿ ಅದರಲ್ಲಿ ಹರಿದು ಮೈಸೂರನ್ನು ಮುಟ್ಟಲಿಲ್ಲ. ಆದರೂ ತೋಡಿದ್ದು ವ್ಯರ್ಥವಾಗಲಿಲ್ಲ. ಸುತ್ತಲಿನ ದಿಣ್ಣೆಗಳ ಮಳೆನೀರು ಅದರಲ್ಲಿ ಕೂಡಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯನ್ನು ತುಂಬಿಸುತ್ತಿತ್ತು. ನಾನು ಬಾಲಕನಾಗಿದ್ದಾಗ ಮಳೆಗಾಲದಲ್ಲಿ ನಮ್ಮ ಹೊಲದ ಅಂಚಿನಲ್ಲಿ ಆ ನೀರು ಕೆಂಪಗೆ ಹರಿಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ನಾಲೆಗೂ ನನಗೂ ಒಂದು ಲೆಕ್ಕ ಬಾಕಿಯಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಪ್ರವಾಸದ ವಿಚಾರ.

ಮೂವತ್ನಾಲ್ಕು ವರ್ಷ ನೀರು ಸರಬರಾಜಿನ ಕೆಲಸದಲ್ಲಿ ಸವೆದು ನಿವೃತ್ತನಾದವನು ನಾನು. ಮಗ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. 2024ರ ಬೇಸಿಗೆಯಲ್ಲಿ ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಶ್ರೀಮತಿಯೂ ಅಲ್ಲಿಗೆ ಹೋದೆವು. "ಅಪ್ಪಾಜಿ, ಈ ಸಲ ಹೋಟೆಲುಗಳಲ್ಲಿ ಇಳಿಯುವುದು ಬೇಡ. ಗುಡಾರ ಕಟ್ಟಿಕೊಂಡು ರೋಮ್‌ವರೆಗೆ ಹೋಗಿಬರೋಣ. ದಾರಿಯುದ್ದಕ್ಕೂ ರೋಮನ್ನರು ಕಟ್ಟಿದ್ದನ್ನು ನೋಡಬಹುದು" ಎಂದು ಮಗ ಹೇಳಿದಾಗ ನಾನು ನಕ್ಕುಬಿಟ್ಟೆ. ಈ ವಯಸ್ಸಿನಲ್ಲಿ ನೆಲದ ಮೇಲೆ ಮಲಗುವುದೇ ಎಂದು ಶ್ರೀಮತಿ ಹಿಂದುಮುಂದು ನೋಡಿದಳು. "ಅತ್ತೆ, ನಿಮಗೆ ಮಡಚುವ ಮಂಚ ತಂದಿದ್ದೇನೆ" ಎಂದು ಸೊಸೆ ಹೇಳಿದ ಮೇಲೆ ಆ ಆಕ್ಷೇಪವೂ ಕರಗಿತು. ಹನ್ನೊಂದು ವರ್ಷದ ಮೊಮ್ಮಗಳಿಗಂತೂ ಗುಡಾರವೆಂದರೆ ಜಾತ್ರೆಯೇ.

ರೋಮ್ ಎಂದರೆ ನಮಗೇನು ಸಂಬಂಧ ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಉತ್ಖನನದಲ್ಲಿ ಅಗಸ್ಟಸ್, ಟೈಬೀರಿಯಸ್ ಎಂಬ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಇತ್ತ ಇಟಲಿಯ ಪಾಂಪೆಯಲ್ಲಿ, ಕ್ರಿ.ಶ. 79ರ ಅಗ್ನಿಪರ್ವತದ ಬೂದಿಯಡಿ ಹೂತುಹೋಗಿದ್ದ ಮನೆಯೊಂದರಲ್ಲಿ, ನಮ್ಮ ದೇಶದಲ್ಲಿ ಕೆತ್ತಿದ ದಂತದ ಸ್ತ್ರೀಮೂರ್ತಿಯೊಂದು 1938ರಲ್ಲಿ ಸಿಕ್ಕಿತು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿಯ ಸರಕು ಅಲ್ಲಿಗೂ ಅಲ್ಲಿಯ ಹಣ ಇಲ್ಲಿಗೂ ಹೋಗಿಬರುತ್ತಿತ್ತು. ನಾವು ಹೊರಟದ್ದು ತೀರ ಅಪರಿಚಿತರ ಮನೆಗಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಗುಡಾರದ ದಿನಚರಿ

ಆ ದೇಶಗಳಲ್ಲಿ ಗುಡಾರ ಹೂಡಲೆಂದೇ ಏರ್ಪಡಿಸಿದ ಬಯಲುಗಳಿವೆ. ಬಾಡಿಗೆ ಕೊಟ್ಟರೆ ಒಂದು ಕುಟುಂಬಕ್ಕಾಗುವಷ್ಟು ಜಾಗ, ಸಾಮೂಹಿಕ ಸ್ನಾನಗೃಹ, ಪಾತ್ರೆ ತೊಳೆಯುವ ಕಟ್ಟೆ ಮತ್ತು ನೀರಿನ ನಲ್ಲಿ ದೊರೆಯುತ್ತವೆ. ಪ್ರತಿ ಕುಟುಂಬವೂ ತನ್ನ ಕೊಡವನ್ನು ತಾನೇ ತುಂಬಿಕೊಂಡು ಬರಬೇಕು. ಅಲ್ಲಿ ಆಳುಕಾಳುಗಳಿಲ್ಲ, ದೊಡ್ಡ ಹುದ್ದೆಯವರೂ ಕೈಯಲ್ಲಿ ಪಾತ್ರೆ ಹಿಡಿದು ಸರದಿಯಲ್ಲಿ ನಿಲ್ಲುತ್ತಾರೆ. ನೀರು ತರುವ ಕೆಲಸವನ್ನು ನಾನು ಕೇಳಿ ಪಡೆದೆ. ಬೆಳಗಿನ ಐದು ಗಂಟೆಗೆ ಎದ್ದು ಮೊದಲ ಕೊಡ ತಂದು, ಸ್ನಾನ ಮುಗಿಸಿ, ಗುಡಾರದ ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದೆ. ಅಷ್ಟು ಹೊತ್ತಿಗೆ ಸಣ್ಣ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟಿನ ಒಗ್ಗರಣೆ ಸಿಡಿಯುತ್ತಿತ್ತು. ಮೈಸೂರಿನಿಂದ ಕಟ್ಟಿಕೊಂಡು ಹೋಗಿದ್ದ ಚಟ್ನಿಪುಡಿಯ ರುಚಿ ನೋಡಿದ ಪಕ್ಕದ ಗುಡಾರದ ವೃದ್ಧ ದಂಪತಿಗಳು ಕಣ್ಣೊರೆಸಿಕೊಳ್ಳುತ್ತಲೇ ಮತ್ತೊಂದು ಚಮಚ ಕೇಳಿದರು.

ಹೊರಡುವ ದಿನದ ನಿಯಮವೊಂದು ನನಗೆ ಬಹಳ ಹಿಡಿಸಿತು. ಗುಡಾರ ಬಿಚ್ಚಿದ ಮೇಲೆ ಆ ಜಾಗವನ್ನು ಬಂದಾಗ ಇದ್ದಂತೆಯೇ ಬಿಟ್ಟುಹೋಗಬೇಕು. ಒಂದು ಕಾಗದದ ಚೂರೂ ಉಳಿಯಬಾರದು. ಮೊಮ್ಮಗಳು ಹುಲ್ಲಿನಲ್ಲಿ ಬಿದ್ದಿದ್ದ ಸಾಸಿವೆಯ ಕಾಳುಗಳನ್ನೂ ಆರಿಸಲು ಕುಳಿತಾಗ ನಾವೆಲ್ಲ ನಕ್ಕೆವು.

ಒರಾಂಜ್ ಪಟ್ಟಣದ ಬಳಿ ಮೂರನೆಯ ರಾತ್ರಿ ಆ ಸೀಮೆಗೆ ಹೆಸರಾದ ಮಿಸ್ತ್ರಾಲ್ ಎಂಬ ಬಡಗಣ ಗಾಳಿ ಬೀಸಿತು. ನಡುರಾತ್ರಿಯಲ್ಲಿ ಒಂದು ಗೂಟ ಕಿತ್ತುಬಂದು ಗುಡಾರದ ಅರ್ಧಭಾಗ ನಮ್ಮ ಮೇಲೆಯೇ ಕುಸಿಯಿತು. ಮಗನೂ ನಾನೂ ಕತ್ತಲಲ್ಲಿ ಹಗ್ಗ ಹಿಡಿದು ನಿಂತೆವು. ಒಳಗಿನಿಂದ ಶ್ರೀಮತಿ, "ಅಲ್ಲಾ ರೀ, ಸಂಜೆ ಆ ಗೂಟ ಅಲ್ಲಾಡುತ್ತಿದೆ ಎಂದು ನಾನು ಹೇಳಲಿಲ್ಲವೇ?" ಎಂದಳು. ಹೇಳಿದ್ದಳು. ನಾಳೆ ನೋಡಿದರಾಯಿತೆಂದು ನಾನೇ ಸುಮ್ಮನಿದ್ದೆ. ಮರುದಿನ ನೋಡಿದ ಒರಾಂಜಿನ ರೋಮನ್ ರಂಗಮಂದಿರದ ಗೋಡೆ 103 ಮೀಟರ್ ಉದ್ದ, 37 ಮೀಟರ್ ಎತ್ತರ. ಆ ಗಾಳಿಗೆ ಎರಡು ಸಾವಿರ ವರ್ಷ ಎದೆಯೊಡ್ಡಿ ನಿಂತಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದದ್ದು ಮಾತ್ರ ನಮ್ಮ ಗೂಟ.

ಗಾರ್ ಸೇತುವೆಯ ಮೇಲೆ

ಈ ಪ್ರವಾಸದಲ್ಲಿ ನನ್ನ ಮನಸ್ಸನ್ನು ಸೂರೆಗೊಂಡದ್ದು ರೋಮ್ ನಗರವಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಗಾರ್ದೋ ನದಿಗೆ ಅಡ್ಡಲಾಗಿ ನಿಂತಿರುವ ಗಾರ್ ಸೇತುವೆ. ದೂರದಿಂದ ನೋಡಿದರೆ ಮೂರು ಅಂತಸ್ತಿನ ಕಮಾನುಗಳ ಸಾಲು. ಎತ್ತರ ಸುಮಾರು 49 ಮೀಟರ್. ಕೆಳಗಿನ ಎರಡು ಅಂತಸ್ತುಗಳ ಕಲ್ಲುಗಳಲ್ಲಿ ಕೆಲವು ಆರು ಟನ್ ತೂಗುತ್ತವೆ. ಅವುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಇಷ್ಟೆಲ್ಲ ಸಾಹಸ ಮನುಷ್ಯರು ದಾಟಲೆಂದಲ್ಲ, ನೀರು ದಾಟಲೆಂದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಯುಜೆಸ್ ಎಂಬಲ್ಲಿಯ ಚಿಲುಮೆಯಿಂದ ನೀಮ್ ನಗರಕ್ಕೆ ನೀರು ತಂದ ನಾಲೆಯ ಒಂದು ತುಣುಕು ಇದು. ನೇರವಾಗಿ ಅಳೆದರೆ ಸುಮಾರು 20 ಕಿಲೋಮೀಟರ್ ದೂರ. ಬೆಟ್ಟಗುಡ್ಡಗಳನ್ನು ಬಳಸಿಕೊಂಡು ನಾಲೆ ಸುಮಾರು 50 ಕಿಲೋಮೀಟರ್ ಸಾಗಿದೆ.

ನನ್ನಂಥವನಿಗೆ ಬೆರಗು ಹುಟ್ಟಿಸಿದ್ದು ಕಮಾನುಗಳ ಎತ್ತರವಲ್ಲ. ಆ ಐವತ್ತು ಕಿಲೋಮೀಟರಿನ ಉದ್ದಕ್ಕೂ ನೀರು ಇಳಿಯುವ ಒಟ್ಟು ಇಳಿಜಾರು ಇಪ್ಪತ್ತು ಮೀಟರೂ ಇಲ್ಲ. ಎಂದರೆ ಒಂದು ಕಿಲೋಮೀಟರಿಗೆ ಒಂದು ಮೊಳಕ್ಕೂ ಕಡಿಮೆ! ಇಳಿಜಾರು ಸ್ವಲ್ಪ ಹೆಚ್ಚಾದರೆ ನೀರು ನಾಲೆಯನ್ನು ಕೊರೆಯುತ್ತದೆ. ಸ್ವಲ್ಪ ಕಡಿಮೆಯಾದರೆ ನಿಂತುಬಿಡುತ್ತದೆ. ದೂರದರ್ಶಕದ ಮಟ್ಟಗೋಲಿಲ್ಲದ ಕಾಲದಲ್ಲಿ ಇದನ್ನು ಸಾಧಿಸಿದವರಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

ಮಾರ್ಗದರ್ಶಕರೊಡನೆ ಮೇಲಿನ ಅಂತಸ್ತಿನ ನಾಲೆಯೊಳಗೆ ನಡೆಯುವ ಅವಕಾಶ ದೊರೆಯಿತು. ಇಕ್ಕಟ್ಟಾದ ಕಲ್ಲಿನ ಓಣಿ. ಎರಡೂ ಗೋಡೆಗಳಿಗೆ ಮೆತ್ತಿಕೊಂಡಂತೆ ಪದರಪದರವಾಗಿ ಬೆಳೆದ ಬಿಳಿಯ ಗಟ್ಟಿ ಪದಾರ್ಥ. ಏನೆಂದು ಮಗನಿಂದ ಕೇಳಿಸಿದೆ. ಅದು ಚಿಲುಮೆಯ ನೀರಿನಲ್ಲಿದ್ದ ಸುಣ್ಣ. ನಮ್ಮ ಮನೆಗಳಲ್ಲಿ ಬಿಸಿನೀರಿನ ಹಂಡೆಗೆ ಹಿಡಿಯುವ ಚಕ್ಕೆಯಂಥದೇ. ಕೆಲಸಗಾರರು ಕಾಲಕಾಲಕ್ಕೆ ಕೆರೆದು ತೆಗೆಯುತ್ತಿದ್ದಷ್ಟು ಕಾಲ ನೀರು ಸರಾಗವಾಗಿ ಹರಿಯಿತು. ನಾಲ್ಕನೆಯ ಶತಮಾನದಿಂದೀಚೆಗೆ ರೋಮನ್ ಆಡಳಿತ ಸಡಿಲವಾದಂತೆ ಆ ಕೆಲಸ ತಪ್ಪಿತು. ಸುಣ್ಣ ಕೆಲವೆಡೆ ಒಂದೊಂದು ಬದಿಗೆ ಮೊಳದಷ್ಟು ದಪ್ಪಕ್ಕೆ ಬೆಳೆಯಿತು. ನೀರು ಒಮ್ಮೆಲೇ ನಿಲ್ಲಲಿಲ್ಲ. ವರ್ಷವರ್ಷಕ್ಕೆ ಸೊರಗುತ್ತ ಹೋಗಿ, ಆರನೆಯ ಶತಮಾನದ ಹೊತ್ತಿಗೆ ನಿಂತಿತು.

ನಾನು ಆ ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟೆ. ಹಾಳು ಎಂದರೆ ಭೂಕಂಪ, ಯುದ್ಧ, ಬೆಂಕಿ ಎಂದೇ ನಾನು ತಿಳಿದಿದ್ದೆ. ಇಲ್ಲಿ ಒಂದು ಕಲ್ಲೂ ಬಿದ್ದಿರಲಿಲ್ಲ. ಕಟ್ಟಡ ಗಟ್ಟಿಯಾಗಿ ನಿಂತಿರುವಾಗಲೇ, ಕೆರೆಯುವ ಕೈ ನಿಂತುಹೋದ ದಿನ, ಹಾಳು ಒಳಗೆ ಬಂದು ಕುಳಿತಿತ್ತು.

"ತಾತ, ಬನ್ನಿ, ಎಲ್ಲರೂ ಮುಂದೆ ಹೋದರು" ಎಂದು ಮೊಮ್ಮಗಳು ಕೈಹಿಡಿದು ಎಳೆದಳು. "ನಮ್ಮ ಹಿನಕಲ್‌ನಲ್ಲಿಯೂ ಇಂಥ ನಾಲೆ ಇದೆಯೇ?" ಎಂದು ಕೇಳಿದಳು. ಇದೆ ಎಂದೆ. ಅದರಲ್ಲಿ ನೀರಿದೆಯೇ ಎಂದಳು. ನಾನು ಉತ್ತರ ಕೊಡಲಿಲ್ಲ.

ಬಾಕಿಯಿದ್ದ ಲೆಕ್ಕ

ಆ ಲೆಕ್ಕವನ್ನು ಈಗ ಹೇಳುತ್ತೇನೆ. 2003ರಲ್ಲಿ ನಮ್ಮ ಹಿರಿಯರ ತೊಟ್ಟಿಮನೆಯನ್ನು ಕೆಡವಿ ಈಗಿನ ತಾರಸಿ ಮನೆಯನ್ನು ಕಟ್ಟಿಸಿದೆವು. ಹಳೆಯ ಗೋಡೆಯ ಮಣ್ಣು, ಒಡೆದ ಹೆಂಚು, ಕಲ್ಲು ಎಲ್ಲ ಸೇರಿ ದೊಡ್ಡ ರಾಶಿಯಾಯಿತು. ದೂರ ಸಾಗಿಸಲು ಖರ್ಚು ಹೆಚ್ಚೆಂದು ಟ್ರ್ಯಾಕ್ಟರಿನವನು ಹೇಳಿದ. "ಹೊಲದ ಅಂಚಿನ ನಾಲೆ ಹೇಗೂ ಒಣಗಿದೆ, ಅಲ್ಲಿಗೇ ಸುರಿದುಬಿಡು" ಎಂದು ಹೇಳಿದವನು ನಾನೇ. ಏಳು ಲೋಡು ಮಣ್ಣು. ಆಗ ನಾನು ಇನ್ನೂ ಕೆಲಸದಲ್ಲಿದ್ದೆ. ನಗರಕ್ಕೆ ನೀರು ಕೊಡುವ ಕೆಲಸದಲ್ಲಿ! ಸಾಯಂಕಾಲ ಕೊಳವೆಗಳ ಸೋರಿಕೆ ಹುಡುಕಿ ಮನೆಗೆ ಬಂದವನು, ಬೆಳಿಗ್ಗೆ ನೀರಿನ ದಾರಿಗೆ ಮಣ್ಣು ಸುರಿಸಿದೆ. ನಾನು ಸುರಿದದ್ದನ್ನು ಕಂಡು ಅಕ್ಕಪಕ್ಕದವರೂ ಸುರಿದರು. ಇಪ್ಪತ್ತೊಂದು ವರ್ಷ ಇದು ನನಗೆ ತಪ್ಪೆಂದೇ ತೋರಿರಲಿಲ್ಲ. ಅದು ತಪ್ಪೆಂದು ತಿಳಿಯಲು ನಾನು ಕಡಲು ದಾಟಿ, ಬೇರೆಯವರ ನಾಲೆಯ ಸುಣ್ಣವನ್ನು ಮುಟ್ಟಿ ನೋಡಬೇಕಾಯಿತು.

ನೀಮ್ ನಗರದಲ್ಲಿ ಆ ನಾಲೆ ಬಂದು ಸೇರುತ್ತಿದ್ದ ದುಂಡನೆಯ ಕಲ್ಲಿನ ತೊಟ್ಟಿಯನ್ನು ನೋಡಿದೆವು. ಅದರ ಸುತ್ತ ಹತ್ತು ರಂಧ್ರಗಳಿವೆ. ಸೀಸದ ಕೊಳವೆಗಳ ಮೂಲಕ ನಗರದ ಬೇರೆಬೇರೆ ಭಾಗಗಳಿಗೆ ನೀರು ಹಂಚಿಹೋಗುತ್ತಿದ್ದ ಜಾಗವದು. ಪ್ರವಾಸಿಗಳು ಅತ್ತ ಕಣ್ಣೆತ್ತಿಯೂ ನೋಡದೆ ಮುಂದೆ ಹೋಗುತ್ತಿದ್ದರು. ನಾನು ಮಾತ್ರ ಅರ್ಧ ಗಂಟೆ ಅಲ್ಲಿಯೇ ನಿಂತಿದ್ದೆ. ಅದೇ ನಗರದ ಮೇಸೋಂ ಕಾರೆ ಎಂಬ ರೋಮನ್ ದೇಗುಲ ಇಂದಿಗೂ ಮಾಡು ಸಮೇತ ಇಡಿಯಾಗಿ ನಿಂತಿದೆ. 2023ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದು ಉಳಿದದ್ದು ಹೇಗೆಂದರೆ, ಒಂದು ಕಾಲಕ್ಕೆ ಮನೆಯಾಗಿ, ಒಂದು ಕಾಲಕ್ಕೆ ಕುದುರೆಲಾಯವಾಗಿ, ಇಗರ್ಜಿಯಾಗಿ, ಕಡತಗಳ ಕೋಣೆಯಾಗಿ, ಜನ ಅದನ್ನು ಬಳಸುತ್ತಲೇ ಬಂದರು. ಬಳಸುವವರು ಸೋರುವ ಮಾಡನ್ನು ಮುಚ್ಚಿಕೊಳ್ಳಲೇಬೇಕಲ್ಲವೇ? ಆರ್ಲ್ ಪಟ್ಟಣದ ಮಲ್ಲರಂಗದೊಳಗೆ ಇನ್ನೂರಕ್ಕೂ ಹೆಚ್ಚು ಮನೆಗಳಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನು ತೆರವುಮಾಡಿದರಂತೆ. ಗಾರ್ ಸೇತುವೆಯೂ ನೀರು ನಿಂತ ಮೇಲೆ ದಾರಿಹೋಕರ ಸೇತುವೆಯಾಗಿ ಉಪಯೋಗಕ್ಕೆ ಬಂದದ್ದರಿಂದಲೇ ಉಳಿಯಿತು.

ರೋಮಿನ ನೀರುಗಂಟಿಗಳು

ಕಡಲ ದಂಡೆಯನ್ನು ಹಿಡಿದು, ನಡುವೆ ಎರಡು ಕಡೆ ಗುಡಾರ ಹೂಡಿ, ರೋಮ್ ಸೇರಿದೆವು. ಎಲ್ಲರೂ ನೋಡುವ ಕೊಲೋಸಿಯಮ್ಮನ್ನು ನಾವೂ ನೋಡಿದೆವು. ಕ್ರಿ.ಶ. 80ರಲ್ಲಿ ಆರಂಭವಾದ ಆ ಬೃಹತ್ ರಂಗದಲ್ಲಿ ಮನುಷ್ಯರನ್ನೂ ಮೃಗಗಳನ್ನೂ ವಿನೋದಕ್ಕಾಗಿ ಕೊಲ್ಲಿಸುತ್ತಿದ್ದರೆಂಬುದನ್ನು ನೆನೆದು ಶ್ರೀಮತಿ ಒಳಗೆ ಹೆಚ್ಚು ಹೊತ್ತು ನಿಲ್ಲಲೊಲ್ಲದೆ ಹೊರಬಂದಳು. ದಯೆಯಿಲ್ಲದ ಕಡೆ ಎಷ್ಟು ದೊಡ್ಡ ಕಟ್ಟಡವಾದರೇನು? ಅವಳ ಮನಸ್ಸು ಅರಳಿದ್ದು ಬೀದಿಬೀದಿಗಳಲ್ಲಿ ಹಗಲಿರುಳು ಹರಿಯುವ ಕುಡಿಯುವ ನೀರಿನ ನಲ್ಲಿಗಳನ್ನು ಕಂಡಾಗ. "ನಮ್ಮ ಅರವಟ್ಟಿಗೆಯ ಹಾಗೆ" ಎಂದು ಬೊಗಸೆಯಲ್ಲಿ ಹಿಡಿದು ಕುಡಿದಳು.

ನಗರದ ಅಂಚಿನ ಉದ್ಯಾನವೊಂದರಲ್ಲಿ ಕ್ರಿ.ಶ. 52ರಲ್ಲಿ ಪೂರ್ಣಗೊಂಡ ಕ್ಲಾಡಿಯಸ್ ಚಕ್ರವರ್ತಿಯ ನಾಲೆಯ ಕಮಾನುಗಳು ಸಾಲಾಗಿ ನಿಂತಿವೆ. ಕೆಲವು ಇಡಿಯಾಗಿ, ಕೆಲವು ಮುರಿದು. ಅವುಗಳ ನೆರಳಿನಲ್ಲಿ ಮಕ್ಕಳು ಸೈಕಲ್ ತುಳಿಯುತ್ತಿದ್ದರು. ಅಲ್ಲಿಯ ಹುಲ್ಲಿನ ಮೇಲೆ ಕುಳಿತಾಗ ಮಗ ಫ್ರಾಂಟಿನಸ್ ಎಂಬ ಅಧಿಕಾರಿಯ ಕಥೆ ಹೇಳಿದ. ಕ್ರಿ.ಶ. 97ರಲ್ಲಿ ರೋಮಿನ ನೀರು ಸರಬರಾಜಿನ ಹೊಣೆ ಹೊತ್ತ ಆತ ತನ್ನ ಅನುಭವವನ್ನು ಗ್ರಂಥವಾಗಿ ಬರೆದಿಟ್ಟಿದ್ದಾನೆ. ನಾಲೆಗಳನ್ನು ನೋಡಿಕೊಳ್ಳಲು ಎರಡು ತಂಡಗಳಲ್ಲಿ ಒಟ್ಟು 700 ಮಂದಿ ಇದ್ದರು. ನಮ್ಮ ಕೆರೆಗಳ ನೀರುಗಂಟಿಗಳಂತೆ ತೂಬು ನೋಡುವವರು, ಗಾರೆಯವರು, ಕಾವಲಿನವರು. ಅವರಿದ್ದೂ ಜನ ಕೊಳವೆಗಳಿಗೆ ಕದ್ದು ರಂಧ್ರ ಕೊರೆಯುತ್ತಿದ್ದರು. ನಾಲೆಯ ಎರಡೂ ಬದಿಗೆ ಹದಿನೈದು ಅಡಿ ಜಾಗ ಖಾಲಿ ಬಿಡಬೇಕೆಂದು ಕಟ್ಟಳೆಯಿದ್ದರೂ ಅಲ್ಲಿ ಮರ ನೆಡುತ್ತಿದ್ದರು, ಮನೆ ಕಟ್ಟುತ್ತಿದ್ದರು.

"ಅಪ್ಪಾಜಿ, ಇದು ನಿಮ್ಮ ಕಚೇರಿಯ ಕಡತದ ಹಾಗಿದೆಯಲ್ಲವೇ?" ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ. ಅಲ್ಲಿಯೇ, ಆ ಹುಲ್ಲಿನ ಮೇಲೆ, ಏಳು ಲೋಡಿನ ವಿಷಯವನ್ನು ಮನೆಯವರೆಲ್ಲರ ಮುಂದೆ ಹೇಳಿದೆ. ಶ್ರೀಮತಿಗೆ ಅದು ಗೊತ್ತೇ ಇತ್ತು; ಅವಳು ಸುಮ್ಮನಿದ್ದಳು. ಮೊಮ್ಮಗಳು ಮಾತ್ರ, "ಮತ್ತೆ ತೆಗೆದುಬಿಡಿ ತಾತ" ಎಂದಳು. ಗುಡಾರದ ಜಾಗದಲ್ಲಿ ಸಾಸಿವೆ ಆರಿಸಿದ ಮಗುವಿಗೆ ಅದು ಅಷ್ಟು ಸರಳವಾಗಿ ಕಂಡಿತ್ತು.

ಆ ಏಳುನೂರು ಮಂದಿ ಗುಲಾಮರು. ಅವರ ದುಡಿಮೆಯಲ್ಲಿ ಮಹಾನಗರ ಮಿಂದಿತು, ಕುಡಿಯಿತು. ಅವರ ಹೆಸರು ಯಾವ ಕಮಾನಿನ ಮೇಲೂ ಇಲ್ಲ. ದುಡಿಮೆಗೆ ಕಾಯಕವೆಂಬ ಮರ್ಯಾದೆಯನ್ನು ಕೊಟ್ಟ ಶರಣರ ಪರಂಪರೆಯಲ್ಲಿ ಹುಟ್ಟಿದ ನಮಗೆ, ಕೆರೆಯುವ ಕೈ, ಗುಡಿಸುವ ಕೈ, ಹೂಳೆತ್ತುವ ಕೈ ಎಷ್ಟು ದೊಡ್ಡದೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ಕಟ್ಟಿಸಿದವರ ಹೆಸರನ್ನು ನೆನೆಯುವ ನಾವು, ಕಟ್ಟಿದ್ದನ್ನು ಕಾಯ್ದವರನ್ನು ಮರೆಯುತ್ತೇವೆ. 537ರಲ್ಲಿ ಗೋಥ್ ಸೈನ್ಯ ರೋಮನ್ನು ಮುತ್ತಿ ನಾಲೆಗಳನ್ನು ಕಡಿದುಹಾಕಿತು. ಆದರೆ ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ತಂದ ಒಂದು ನಾಲೆ, ಬಹುಪಾಲು ನೆಲದೊಳಗೆ ಇದ್ದುದರಿಂದಲೂ ಮತ್ತೆಮತ್ತೆ ದುರಸ್ತಿ ಕಂಡದ್ದರಿಂದಲೂ, ಇಂದಿಗೂ ಟ್ರೆವಿ ಕಾರಂಜಿಗೆ ನೀರು ಕೊಡುತ್ತಿದೆ. ಆ ಕಾರಂಜಿಗೆ ಜನ ನಾಣ್ಯ ಎಸೆಯುತ್ತಾರೆ. ನಾನು ಎಸೆಯಲಿಲ್ಲ, ನನ್ನ ಸಾಲ ಬೇರೆ ಕಡೆ ಇತ್ತು.

ಮರಳಿ ಹಿನಕಲ್‌ಗೆ

ಇಪ್ಪತ್ತೆರಡನೆಯ ದಿನ ಲಿಯೋನ್ ಸೇರಿದೆವು. ಜೂನ್ ಕೊನೆಗೆ ಊರಿಗೆ ಮರಳಿದೆವು. ವಾರದೊಳಗೆ ಸಂಬಂಧಪಟ್ಟವರಿಗೆ ತಿಳಿಸಿ, ಯಂತ್ರವೊಂದನ್ನು ಬಾಡಿಗೆಗೆ ತರಿಸಿ, ನಾನು ಸುರಿಸಿದ್ದ ಮಣ್ಣನ್ನು ತೆಗೆಸಿದೆ. ಹೊಲದ ತಗ್ಗನ್ನು ತುಂಬಲು ಆ ಮಣ್ಣು ಉಪಯೋಗಕ್ಕೆ ಬಂತು. ಮಣ್ಣಿನೊಳಗಿನಿಂದ ನಮ್ಮ ಹಳೆಯ ಮನೆಯ ಹೊಸ್ತಿಲ ಕಲ್ಲು ಹೊರಬಿದ್ದಾಗ ಶ್ರೀಮತಿ ಅದನ್ನು ತೊಳೆಸಿ, ಅರಿಶಿನ ಕುಂಕುಮವಿಟ್ಟು, ಹಿತ್ತಲ ಬಾಗಿಲಲ್ಲಿ ಹಾಕಿಸಿದಳು. ಬೀದಿಯ ಕೆಲವರು ನಕ್ಕರು. ಪಿಂಚಣಿಯ ದುಡ್ಡು ಹೆಚ್ಚಾಗಿರಬೇಕೆಂದರು.

ಅಕ್ಟೋಬರಿನಲ್ಲಿ ಒಂದು ರಾತ್ರಿ ಚೆನ್ನಾಗಿ ಮಳೆ ಸುರಿಯಿತು. ಬೆಳಗಾಗುವ ಮೊದಲೇ ಕೊಡೆ ಹಿಡಿದು ಹೋಗಿ ನೋಡಿದೆ. ಬಾಲ್ಯದಲ್ಲಿ ಕಂಡಂತೆಯೇ ಕೆಂಪು ನೀರು ನಮ್ಮ ಹೊಲದ ಅಂಚಿನುದ್ದಕ್ಕೂ ಹರಿದು ಬಂದು, ನಮ್ಮ ಎಲ್ಲೆ ಮುಗಿಯುವ ಕಡೆ, ಪಕ್ಕದವರ ಮಣ್ಣಿನ ದಿಬ್ಬಕ್ಕೆ ತಾಕಿ ನಿಂತಿತ್ತು. ಇನ್ನು ಅಲ್ಲಿಂದ ಕುಕ್ಕರಹಳ್ಳಿಯವರೆಗೆ ಇಂಥ ದಿಬ್ಬಗಳು ಎಷ್ಟಿವೆಯೋ!

ಅಂದು ಪೂಜೆ ಮುಗಿಸಿ ಪಕ್ಕದವರ ಮನೆಗೆ ಹೋದೆ. ಅವರಿಗೆ ಬೋಧನೆ ಮಾಡುವ ಅರ್ಹತೆ ನನಗಿಲ್ಲ. ನನ್ನನ್ನು ನೋಡಿಯೇ ಅವರು ಕಲಿತದ್ದು. ಆದ್ದರಿಂದ ರೋಮಿನ ಕಥೆ ಹೇಳಲಿಲ್ಲ. ಏಳು ಲೋಡಿನ ಕಥೆಯನ್ನಷ್ಟೇ ಹೇಳಿ, "ನಿಮ್ಮದನ್ನು ತೆಗೆಸುವುದಾದರೆ ಅರ್ಧ ಖರ್ಚು ನನ್ನದು" ಎಂದೆ. ಅವರು ಕಾಫಿ ಕೊಟ್ಟರು. ದೀಪಾವಳಿ ಕಳೆಯಲಿ, ನೋಡೋಣ ಎಂದರು.